ಚೌಕ ಡಬ್ಬಿಗಳು ಅಕ್ಷರವಾದ ಕಾಲ

2002-03ರ ಸುಮಾರಿಗೆ ಕನ್ನಡದ ಜಾಲತಾಣವೊಂದನ್ನು ತೆರೆದರೆ ಸುದ್ದಿಗಿಂತ ಮೊದಲು ಎದುರಾಗುತ್ತಿದ್ದುದು ಒಂದು ಸೂಚನೆ: ಈ ಪುಟವನ್ನು ಓದಲು ಇಲ್ಲಿಂದ ಫಾಂಟ್ ಇಳಿಸಿಕೊಳ್ಳಿ. ಆ ಸೂಚನೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಫಾಂಟ್ ಇಲ್ಲದವರಿಗೆ ಕನ್ನಡ ಕಾಣುವುದಾದರೂ ಹೇಗೆ? ಇಳಿಸಿಕೊಂಡ ಕಡತವನ್ನು ಕಂಪ್ಯೂಟರಿನ ಫಾಂಟ್‌ಗಳ ಫೋಲ್ಡರಿಗೆ ಹಾಕಿ, ಬ್ರೌಸರ್ ಮುಚ್ಚಿ ಮತ್ತೆ ತೆರೆದರೆ ಅಕ್ಷರ ಮೂಡುತ್ತಿತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಸೈಬರ್ ಕೆಫೆಯಲ್ಲಿ ಇದೊಂದಕ್ಕೇ ಕಾಲು ಗಂಟೆ ಕಳೆದುಹೋಗುತ್ತಿತ್ತು. ಮರುದಿನ ಪಕ್ಕದ ಕಂಪ್ಯೂಟರ್ ಸಿಕ್ಕಿದರೆ ಮತ್ತೆ ಮೊದಲಿನಿಂದ ಶುರು. ಇನ್ನೊಂದು ತಾಣಕ್ಕೆ ಹೋದರೆ ಅದರ ಫಾಂಟೇ ಬೇರೆ.

ಇಂದು ಹಳ್ಳಿಯ ಅಂಗಡಿ ಕಟ್ಟೆಯ ಮೇಲೆ ಕೂತ ಅಜ್ಜನ ಫೋನಿನಲ್ಲೂ ಕನ್ನಡ ತಾನಾಗಿ ಬರುತ್ತದೆ. ಅದಕ್ಕಾಗಿ ಯಾರೂ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಇಂಟರ್ನೆಟ್ಟಿನ ತಂತಿಯನ್ನು ಸರ್ಕಾರ ಎಳೆಯಿತು, ಆಮೇಲೆ ಕಂಪನಿಗಳು ಎಳೆದವು. ಆ ತಂತಿಯ ಮೇಲೆ ಕನ್ನಡ ಅಕ್ಷರ ಸಾಗಿಬಂದದ್ದರ ಹಿಂದೆ ಮಾತ್ರ ಬೆರಳೆಣಿಕೆಯ ಜನರ ರಾತ್ರಿಗಳ ದುಡಿಮೆ ಇದೆ. ಅವರಲ್ಲಿ ಹಲವರು ಬಿಡಿಗಾಸನ್ನೂ ಪಡೆಯದೆ ಈ ಕೆಲಸ ಮಾಡಿದರು.

ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಸ್ವಾತಂತ್ರ್ಯ ದಿನದಂದು. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಮೊದಲು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಸಂಪರ್ಕ ಕೊಟ್ಟಿತು. ಬೆಂಗಳೂರಿನ ಸರದಿ ಸ್ವಲ್ಪ ತಡವಾಯಿತು. ಅದಕ್ಕೂ ಮುಂಚೆ ಈ ಜಾಲದ ಪರಿಚಯವಿದ್ದುದು ವಿಜ್ಞಾನಿಗಳಿಗೆ ಮಾತ್ರ. 1986ರಲ್ಲಿ ಶುರುವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ವಿಎಸ್‌ಎನ್‌ಎಲ್ ಸಂಪರ್ಕವೇನೂ ಅಗ್ಗವಾಗಿರಲಿಲ್ಲ. ಚಿತ್ರಗಳೂ ಕಾಣುವ ಖಾತೆಗೆ ಸಾವಿರಾರು ರೂಪಾಯಿ ತೆರಬೇಕಿತ್ತು. ವಿದ್ಯಾರ್ಥಿಗಳಿಗೆಂದು 500 ರೂಪಾಯಿಯ ಖಾತೆಯೊಂದಿತ್ತು. ಅದರಲ್ಲಿ ಕಾಣುತ್ತಿದ್ದುದು ಕಪ್ಪು ಪರದೆಯ ಮೇಲೆ ಬರಿಯ ಅಕ್ಷರ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಈಗಿನ ಫೋನಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೊವನ್ನು ಆ ವೇಗದಲ್ಲಿ ತರಿಸಿಕೊಳ್ಳಲು 40 ನಿಮಿಷ ಬೇಕು, ಅದೂ ನಡುವೆ ಲೈನ್ ಕಡಿಯದಿದ್ದರೆ.

ಆ ಕಾಲದವರಿಗೆ ಮೋಡೆಮ್ಮಿನ ಸದ್ದು ಈಗಲೂ ಕಿವಿಯಲ್ಲಿದೆ. ಮೊದಲು ಡಯಲ್ ಟೋನ್, ಆಮೇಲೆ ಕಿರ್ರೆನ್ನುವ ಚೀರಾಟ, ಸಂಪರ್ಕ ಸಿಕ್ಕಿದರೆ ಒಮ್ಮೆಲೇ ಮೌನ. ಅಷ್ಟರಲ್ಲಿ ಮನೆಯಲ್ಲಿ ಯಾರಾದರೂ ಫೋನಿನ ರಿಸೀವರ್ ಎತ್ತಿದರೆ ಎಲ್ಲವೂ ಕಡಿದುಹೋಗುತ್ತಿತ್ತು. ಮಗ ಇಂಟರ್ನೆಟ್ಟಿನಲ್ಲಿದ್ದಾನೆಂದರೆ ಊರಿನಿಂದ ಯಾರು ಫೋನ್ ಮಾಡಿದರೂ ಲೈನ್ ಎಂಗೇಜ್. ಸಂಪರ್ಕದ ದುಡ್ಡು ಒಂದು ಕಡೆ, ಟೆಲಿಫೋನ್ ಬಿಲ್ಲು ಇನ್ನೊಂದು ಕಡೆ. ಹಾಗಾಗಿ ಪತ್ರವನ್ನು ಮೊದಲೇ ಬರೆದಿಟ್ಟುಕೊಂಡು, ಸಂಪರ್ಕ ಸಿಕ್ಕ ಕೂಡಲೇ ಕಳಿಸಿ, ಬಂದಿದ್ದನ್ನು ಇಳಿಸಿಕೊಂಡು, ಲೈನ್ ಕಡಿದು ಆರಾಮವಾಗಿ ಓದುವ ಜಾಣತನವನ್ನು ಜನ ಬೇಗ ಕಲಿತರು.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಸೈಬರ್ ಕೆಫೆಯೇ ಗತಿ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಕಾಫಿಯ ಜೊತೆ ಇಂಟರ್ನೆಟ್ ಕೊಡುವ ಅಂಗಡಿಯಾಗಿತ್ತು. ಅದೇ ವರ್ಷದ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಶುರುವಾಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಶಾಲೆ ಓದಿದವರು. ಯಾವ ಊರಿನ ಯಾವ ಕಂಪ್ಯೂಟರಿನಿಂದ ಬೇಕಾದರೂ ತೆರೆಯಬಹುದಾದ ಉಚಿತ ಅಂಚೆಪೆಟ್ಟಿಗೆ ಅದು. ಸೈಬರ್ ಕೆಫೆ ಎಂಬ ವ್ಯಾಪಾರ ನಿಂತದ್ದೇ ಇಂಥ ಖಾತೆಗಳ ಮೇಲೆ.

1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಸಂಪರ್ಕ ಕೊಡಲು ಅನುಮತಿ ಸಿಕ್ಕಿತು. ದರ ಇಳಿಯುತ್ತ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಎಸ್‌ಟಿಡಿ ಬೂತು, ಜೆರಾಕ್ಸ್ ಅಂಗಡಿಗಳ ಪಕ್ಕದಲ್ಲೇ ಪ್ಲೈವುಡ್ಡಿನ ಗೂಡುಗಳು ಎದ್ದವು. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ದಿನ ಅಲ್ಲಿ ಜಾತ್ರೆ. ನೋಂದಣಿ ಸಂಖ್ಯೆ ಬರೆದ ಚೀಟಿ ಹಿಡಿದ ಮಕ್ಕಳು ಬಾಗಿಲ ಹೊರಗೆ ನಿಂತಿದ್ದರೆ, ಒಳಗಿನ ಹುಡುಗ ಪುಟವನ್ನು ಮತ್ತೆ ಮತ್ತೆ ತೆರೆಯಲು ಹೆಣಗುತ್ತಿದ್ದ. ಅಮೆರಿಕಕ್ಕೆ ಹೋದ ಮಗಳಿಗೆ ಇಮೇಲ್ ಕಳಿಸಲು ಬರುವ ತಂದೆತಾಯಿಯ ಡೈರಿಯ ಕೊನೆಯ ಪುಟದಲ್ಲಿ ಪಾಸ್‌ವರ್ಡ್ ಬರೆದಿರುತ್ತಿತ್ತು. ಅವರು ಬಾಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು, ಕೆಫೆಯ ಹುಡುಗ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದ. ಮಗಳು ಅದನ್ನು ಅಲ್ಲಿ ಮತ್ತೆ ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ಓದಬೇಕಿತ್ತು. 2004ರಲ್ಲಿ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದ ಮೇಲೆ ಬಾಗಿಲ ಬಳಿ ಗುರುತಿನ ಚೀಟಿ ತೋರಿಸಿ ಪುಸ್ತಕದಲ್ಲಿ ಹೆಸರು ಬರೆಯುವುದೂ ಸೇರಿಕೊಂಡಿತು.

ಅಕ್ಷರದ ಮಾತಿಗೆ ಬರೋಣ. ಕನ್ನಡ ಕಂಪ್ಯೂಟರಿನ ಕಥೆ ಇಂಟರ್ನೆಟ್ಟಿಗಿಂತ ಹಳೆಯದು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅಚ್ಚುಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿದವರು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ನೂರಾರು ಆಕಾರಗಳು. ಅಷ್ಟನ್ನೂ ಕೀಲಿಮಣೆಯ ಮೇಲೆ ಕೂಡಿಸಲಾಗದು. ಕಣ್ಣಿಗೆ ಕಾಣುವ ಆಕಾರವನ್ನು ಬಿಟ್ಟು ಬಾಯಲ್ಲಿ ಆಡುವ ಉಚ್ಚಾರವನ್ನು ಹಿಡಿದರೆ ಇಂಗ್ಲಿಷಿನ 26 ಕೀಲಿಗಳೇ ಸಾಕು ಎಂದು ರಾವ್ ತೋರಿಸಿಕೊಟ್ಟರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಐ’ ಸೇರಿಸಿದರೆ ಗುಡಿಸು. ನಡುವೆ ‘ಎಫ್’ ಒತ್ತಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ಇಷ್ಟು ಗೊತ್ತಾದರೆ ಅರ್ಧ ದಿನದಲ್ಲಿ ಕನ್ನಡ ಟೈಪಿಂಗ್ ಕೈಗೆ ಹತ್ತುತ್ತದೆ. ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಅದನ್ನು ಅವರು ಮಾರಲಿಲ್ಲ, ಬೇಕಾದವರಿಗೆಲ್ಲ ಹಂಚಿದರು. ಇಂದು ಲಕ್ಷಾಂತರ ಕನ್ನಡಿಗರ ಬೆರಳು ಆಡುವುದು ಆ ವಿನ್ಯಾಸದ ಮೇಲೆಯೇ, ಅದನ್ನು ಮಾಡಿದವರ ಹೆಸರು ಗೊತ್ತಿರಲಿ ಬಿಡಲಿ.

1996ರಲ್ಲಿ, ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ತಂದರು. ಕನ್ನಡಕ್ಕೆ ಇದು ಮೊದಲನೆಯದು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಬಿಡುಗಡೆ ಮಾಡಿದರು, ಅದನ್ನೂ ಉಚಿತವಾಗಿ. ಆಡಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದರೆ ಪರದೆಯ ಮೇಲೆ ಕನ್ನಡ ಮೂಡುವ ಬಗೆ ಅದರದು. ಕೀಲಿಮಣೆ ಕಲಿಯಲು ಪುರುಸೊತ್ತಿಲ್ಲದ ಹೊರನಾಡ ಕನ್ನಡಿಗರು ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡರು. 2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ತಂದಿತು. ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಅದೇ ನೆಲೆ ನಿಂತಿತು.

ಆದರೆ ಈ ಎಲ್ಲದರ ಒಳಗೆ ಒಂದು ತೊಡಕು ಇತ್ತು. ಬರೆಯುವವರಿಗೆ ಅದು ಕಾಣುತ್ತಿರಲಿಲ್ಲ. ಆಗಿನ ಫಾಂಟ್‌ಗಳು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ಪಾಲಿಗೆ ಅದು ಏಳು ತುಂಡು: ಮೊದಲು ‘ಪಿ’, ಆಮೇಲೆ ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಆ ‘ಎ’, ಜರ್ಮನಿಯ ‘ಎಸ್’, ‘ಕ್ಯೂ’, ಕೊನೆಗೆ ಇನ್ನೊಮ್ಮೆ ಆ ‘ಎ’. ಕ ಅಕ್ಷರದ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು. ಫಾಂಟ್ ಇದ್ದ ಕಡೆ ಅದು ಕನ್ನಡ, ಇಲ್ಲದ ಕಡೆ ಗೊಂದಲದ ಗೀಚು. ಹುಡುಕುವ ಯಂತ್ರಗಳಿಗಂತೂ ಇದು ಕನ್ನಡವೆಂದು ತಿಳಿಯುವ ದಾರಿಯೇ ಇರಲಿಲ್ಲ. ಒಂದು ಫಾಂಟಿನ ಸಂಕೇತ ಇನ್ನೊಂದಕ್ಕೆ ಹೊಂದದ್ದರಿಂದ ಶ್ರೀಲಿಪಿ ತಂತ್ರಾಂಶದಲ್ಲಿ ಬರೆದದ್ದು ಆಕೃತಿ ತಂತ್ರಾಂಶದಲ್ಲಿ ತೆರೆಯುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆದದ್ದು ಕನ್ನಡದಂತೆ ಕಾಣುವ ಚಿತ್ರಗಳನ್ನು.

ಪರಿಹಾರ ಹುಟ್ಟಿ ಆಗಲೇ ಬಹಳ ಕಾಲವಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಖಾಯಂ ಸಂಖ್ಯೆ ಕೊಡುವ ಯುನಿಕೋಡ್ 1991ರಲ್ಲಿ ಬಂದಾಗ, ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಕೇರಿಯೊಂದು ಸಿಕ್ಕಿತ್ತು. ಅಲ್ಲಿ ‘ಕನ್ನಡ’ ಎಂದರೆ ಐದೇ ಸಂಖ್ಯೆ: ಕ, ನ, ಅರ್ಧಾಕ್ಷರದ ಗುರುತು, ನ, ಡ. ತಲೆಕಟ್ಟು ಎಲ್ಲಿ ಬರಬೇಕು, ಒತ್ತು ಎಲ್ಲಿ ಇಳಿಯಬೇಕು ಎಂಬುದು ಫಾಂಟಿನ ಕೆಲಸ. ಆದರೂ ಜನಸಾಮಾನ್ಯರ ಕಂಪ್ಯೂಟರಿಗೆ ಇದು ಬಂದದ್ದು ಹತ್ತು ವರ್ಷದ ಮೇಲೆ, 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ. ಅದರಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಇತ್ತು. ಅದರ ಹಿಂದಿನ ವಿಂಡೋಸ್‌ನಲ್ಲಿ ಭಾರತದ ಲಿಪಿಗಳ ಪೈಕಿ ದೇವನಾಗರಿ, ತಮಿಳಿಗೆ ಮಾತ್ರ ಜಾಗವಿತ್ತು. ಎಕ್ಸ್‌ಪಿಯಲ್ಲಿಯೂ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಸೆಟ್ಟಿಂಗ್‌ಗಳ ಒಳಗೆ ಹೋಗಿ ಸಂಕೀರ್ಣ ಲಿಪಿಗಳೆಂಬ ಚೌಕದಲ್ಲಿ ಗುರುತು ಹಾಕಬೇಕು, ಆಗ ಕಂಪ್ಯೂಟರ್ ತನ್ನ ಸಿಡಿಯನ್ನು ಕೇಳುತ್ತದೆ. ಆ ಸಿಡಿ ಎಷ್ಟು ಮನೆಗಳಲ್ಲಿತ್ತು?

ಎಷ್ಟೋ ಜನರ ಪರದೆಯಲ್ಲಿ ಕನ್ನಡ ಕಾಣುವುದೋ ಇಲ್ಲವೋ ಎಂಬುದು ನಿರ್ಧಾರವಾದದ್ದು ಆ ಸಿಡಿಯಿಂದ. ಇಷ್ಟರ ನಡುವೆಯೂ 2003ರಲ್ಲಿ ಕನ್ನಡ ವಿಕಿಪೀಡಿಯ ತೆರೆಯಿತು. ಅದರ ಆರಂಭದ ದಿನಗಳಲ್ಲಿ ದುಡಿದ ಹರಿಪ್ರಸಾದ್ ನಾಡಿಗ್ 2005ರಲ್ಲಿ ‘ಸಂಪದ’ ಎಂಬ ಜಾಲತಾಣವನ್ನು ಕಟ್ಟಿದರು, ಪೂರ್ತಿ ಯುನಿಕೋಡಿನಲ್ಲಿ. ಮೂಡಿಗೆರೆಯ ತೋಟದಲ್ಲಿದ್ದ ಲೇಖಕ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಬಿಡದೆ ಮಾತಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶ ಬಂದದ್ದರ ಬೆನ್ನಿಗೆ ನಿಂತವರು ಅವರು. 2007ರ ಏಪ್ರಿಲ್ 5ರಂದು ತೀರಿಕೊಂಡ ತೇಜಸ್ವಿ, ಫೋನಿನಲ್ಲಿ ಕನ್ನಡ ಓಡಾಡುವುದನ್ನು ನೋಡಲಿಲ್ಲ.

ಸರ್ಕಾರದ ಕಡೆಯಿಂದಲೂ ಒಂದು ದೊಡ್ಡ ಕೆಲಸವಾಯಿತು, ಅದನ್ನು ಮರೆಯಬಾರದು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. 2001ರ ಹೊತ್ತಿಗೆ ರೈತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಕನ್ನಡದಲ್ಲೇ ಮುದ್ರಿತ ಪಹಣಿ ಪಡೆಯುವಂತಾಯಿತು. ಅದಕ್ಕೂ ಮುಂಚೆ ಲೆಕ್ಕಿಗರು ಊರಿಗೆ ಬರುವುದನ್ನೇ ಕಾಯಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. ಇಂಗ್ಲಿಷ್ ಬಾರದವರೂ ಕಂಪ್ಯೂಟರನ್ನು ನಂಬಬಹುದು ಎಂದು ಹಳ್ಳಿಗೆ ಮೊದಲು ತೋರಿಸಿದ್ದು ಈ ಒಂದು ಹಾಳೆ. 2006ರಿಂದ ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳೂ ತೆರೆದುಕೊಂಡವು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಬಂತು. ಫೋನ್ ಲೈನ್ ಎಂಗೇಜ್ ಆಗುವ ಕಾಲ ಮುಗಿಯಿತು. ಅದರ 500 ರೂಪಾಯಿಯ ಪ್ಲ್ಯಾನಿನಲ್ಲಿ ರಾತ್ರಿ 2ರಿಂದ ಬೆಳಗಿನ 8ರವರೆಗೆ ಬಳಕೆಗೆ ಲೆಕ್ಕವಿರಲಿಲ್ಲ. ಸಿನಿಮಾ, ಹಾಡು ಇಳಿಸಿಕೊಳ್ಳಲು ಅಲಾರಾಂ ಇಟ್ಟು ಏಳುವ ಹುಡುಗರು ಪ್ರತಿ ಬೀದಿಯಲ್ಲೂ ಇದ್ದರು.

ಆಮೇಲೆ ಮೊಬೈಲ್. ಅಲ್ಲಿ ಕನ್ನಡ ಮತ್ತೆ ಮೊದಲಿನ ಸ್ಥಿತಿಗೆ ಬಂತು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತಿತ್ತು. ಯುನಿಕೋಡ್ ಕನ್ನಡವಾದರೆ ಬರೀ 70. ಕಾಗುಣಿತದ ಗುರುತುಗಳೂ ಲೆಕ್ಕಕ್ಕೆ ಬರುವುದರಿಂದ ನಾಲ್ಕು ಮಾತಿಗೇ ಸಂದೇಶ ತುಂಬಿಹೋಗುತ್ತಿತ್ತು. ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಅಭ್ಯಾಸಕ್ಕೆ ಬಿದ್ದದ್ದಕ್ಕೆ ಭಾಷೆಯ ಮೇಲಿನ ಉದಾಸೀನವನ್ನಷ್ಟೇ ಕಾರಣ ಮಾಡುವುದು ಅನ್ಯಾಯ. ಫೋನಿನಲ್ಲಿ ಅಕ್ಷರವೇ ಇರಲಿಲ್ಲ, ಇದ್ದರೂ ಅದು ದುಬಾರಿ. ಕನ್ನಡ ಪುಟ ತೆರೆದರೆ ಸಾಲು ಸಾಲು ಚೌಕ ಡಬ್ಬಿಗಳು. ಆಗ ಒಂದು ಉಪಾಯ ಬಾಯಿಂದ ಬಾಯಿಗೆ ಹಬ್ಬಿತು. ಒಪೆರಾ ಮಿನಿ ಬ್ರೌಸರಿನ ಗುಪ್ತ ಸೆಟ್ಟಿಂಗ್ ಪುಟಕ್ಕೆ ಹೋಗಿ ಒಂದು ಸಾಲನ್ನು ‘ಯೆಸ್’ ಎಂದು ಬದಲಿಸಿದರೆ, ಅದು ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಎರಡಿಂಚಿನ ಪರದೆಯಲ್ಲಿ ಕನ್ನಡ ಪತ್ರಿಕೆ ಓದಿದ ಆ ಖುಷಿ ಅನುಭವಿಸಿದವರಿಗೇ ಗೊತ್ತು.

2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡಕ್ಕೆ ಫೋನಿನ ಒಳಗೇ ಜಾಗ ಸಿಕ್ಕಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಗಿ ತಿಂಗಳುಗಟ್ಟಲೆ ಡೇಟಾವನ್ನು ಪುಕ್ಕಟೆ ಹಂಚಿತು. ಉಳಿದ ಕಂಪನಿಗಳೂ ದರ ಇಳಿಸಬೇಕಾಯಿತು. 2017ರಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿತು. ಕೀಲಿಮಣೆ ಮುಟ್ಟದವರೂ ಫೋನಿನ ಮುಂದೆ ಮಾತಾಡಿ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಸಂದೇಶ ಕಳಿಸತೊಡಗಿದರು. ಆ ತಂದೆತಾಯಿಗೆ ಕೆಫೆಯ ಹುಡುಗ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ.

ತಂತಿ ಎಲ್ಲ ಕಡೆ ಮುಟ್ಟಿರಲಿಲ್ಲ ಎಂಬುದನ್ನು ಕೊರೋನಾ ತೋರಿಸಿತು. ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ ಮಲೆನಾಡು, ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ರಸ್ತೆ ಬದಿಯಲ್ಲಿ ಮಗಳು ಆನ್‌ಲೈನ್ ತರಗತಿ ಕೇಳುತ್ತಿದ್ದರೆ ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶವನ್ನೆಲ್ಲ ಸುತ್ತಿತು. ಬೆಂಗಳೂರಿನ ಹೆಸರು ಜಗತ್ತಿನ ತಂತ್ರಜ್ಞಾನದ ನಕ್ಷೆಯಲ್ಲಿ ಎಷ್ಟು ದೊಡ್ಡದೋ, ಅದೇ ರಾಜ್ಯದ ಈ ರಸ್ತೆ ಬದಿ ಅದರಿಂದ ಅಷ್ಟೇ ದೂರದಲ್ಲಿತ್ತು.

ಅದೇ ತಿಂಗಳ ಆರಂಭದಲ್ಲಿ, ಭಾರತದ ಕುರೂಪ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ಕನ್ನಡದ ಹೆಸರು ತೋರಿಸಿ, ನಾಡೆಲ್ಲ ಸಿಡಿದೆದ್ದ ಮೇಲೆ ಕ್ಷಮೆ ಕೇಳಿತು. ಯಾವುದೋ ಪುಟದಲ್ಲಿ ಬಿದ್ದಿದ್ದ ಮಾತನ್ನು ಯಂತ್ರ ಎತ್ತಿ ಉತ್ತರವೆಂದು ಕೊಟ್ಟಿತ್ತು. ಜಾಲದಲ್ಲಿ ಏನಿದೆಯೋ ಯಂತ್ರ ಅದನ್ನೇ ಹೇಳುತ್ತದೆ. ಅಲ್ಲಿ ಕನ್ನಡ ಇರುವುದಾದರೂ ಎಷ್ಟು? 2011ರ ಜನಗಣತಿಯ ಪ್ರಕಾರ ಕನ್ನಡ 4 ಕೋಟಿಗೂ ಮೀರಿದ ಜನರ ತಾಯ್ನುಡಿ. ಕನ್ನಡ ವಿಕಿಪೀಡಿಯದಲ್ಲಿರುವುದು 30,000ದಷ್ಟು ಲೇಖನ. ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. ಇದು ನಾಚಿಕೆಯ ಮಾತೇ ಸರಿ.

ಹಾಗೆಂದು ಕನ್ನಡದಲ್ಲಿ ಬರೆದವರು ಕಡಿಮೆಯಿಲ್ಲ. ಬರೆದದ್ದು ಹಳೆಯ ಸಂಕೇತದಲ್ಲಿ ಸೆರೆಯಾಗಿದೆ. ಪುಸ್ತಕ ಲೋಕ ನೆಚ್ಚಿಕೊಂಡಿದ್ದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದು. ಹೀಗಾಗಿ ಜಾಲವೆಲ್ಲ ಯುನಿಕೋಡಿಗೆ ಬಂದ ಮೇಲೂ ಕನ್ನಡದ ಕಥೆ, ಕಾವ್ಯ, ಸಂಶೋಧನೆ ಹಳೆಯ ಫಾಂಟ್‌ಗಳಲ್ಲೇ ಅಚ್ಚಾಗುತ್ತ ಹೋಯಿತು. ಈ ಸೆರೆಯನ್ನು ಬಿಡಿಸಬಹುದು ಎಂದು ತೋರಿಸಿದವರೂ ಇದ್ದಾರೆ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ವಚನ ಸಂಚಯ’ 20,000ಕ್ಕೂ ಹೆಚ್ಚು ವಚನಗಳನ್ನು ಒಂದೊಂದು ಪದ ಹಿಡಿದು ಹುಡುಕುವಂತೆ ಮಾಡಿತು. ಬಸವಣ್ಣ ಒಂದು ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ಹಿಂದೆ ವಿದ್ವಾಂಸರು ವರ್ಷಗಟ್ಟಲೆ ಚೀಟಿ ಬರೆದು ಕಂಡುಕೊಳ್ಳುತ್ತಿದ್ದುದು ಈಗ ಕ್ಷಣದಲ್ಲಿ ಸಿಗುತ್ತದೆ. ವಿ. ಕೃಷ್ಣ ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, 1,50,000 ಪದಗಳದ್ದು, 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಜಾಲಕ್ಕೆ ಬಂತು. ಅದನ್ನು ಎಲ್ಲರ ಮುಂದಿಟ್ಟ ಕೈಲಾಶ್ ನಾಧ್ ಮಲಯಾಳದಲ್ಲಿ ಅಂಥದೇ ಕೆಲಸ ಮಾಡಿದ್ದವರು.

ಹಳೆಯ ಕಡತವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಇಂದು ಉಚಿತವಾಗಿ ಸಿಗುತ್ತವೆ. ನುಡಿ, ಬರಹದಲ್ಲಿ ಬರೆದದ್ದಾದರೆ ನಿಮಿಷಗಳ ಕೆಲಸ, ಆಮೇಲೆ ಒಮ್ಮೆ ಕಣ್ಣಾಡಿಸಿ ತಪ್ಪು ತಿದ್ದಿದರೆ ಮುಗಿಯಿತು. ಆದರೆ ಕಡತ ಸಿಗಬೇಕು. ಫ್ಲಾಪಿಗಳು ಬೂಷ್ಟು ಹಿಡಿಯುತ್ತವೆ, ಸಿಡಿಗಳ ಪದರ ಏಳುತ್ತದೆ, ಡಿಟಿಪಿ ಅಂಗಡಿ ಮುಚ್ಚಿದಾಗ ಅದರ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗುತ್ತದೆ. ಈ ಲೇಖನ ಓದುತ್ತಿರುವವರಲ್ಲಿ ಪ್ರಕಾಶಕರು, ಮುದ್ರಕರು, ನಿವೃತ್ತ ಅಧ್ಯಾಪಕರು, ಊರಿನ ಸಾಹಿತ್ಯ ಸಂಘದ ಕಾರ್ಯದರ್ಶಿಗಳು ಇದ್ದರೆ ಒಂದು ಬಿನ್ನಹ. 1995ರಿಂದ ಈಚೆಗೆ ನೀವು ಕೂಡಿಸಿದ ಸ್ಮರಣ ಸಂಚಿಕೆ, ಗ್ರಾಮ ಚರಿತ್ರೆ, ಜನಪದ ಹಾಡಿನ ಸಂಗ್ರಹ, ಯಾವುದೇ ಇರಲಿ, ಕಪಾಟಿನ ಮೇಲಿನ ಆ ಸಿಡಿಯ ಡಬ್ಬಿಯನ್ನು ಈ ಭಾನುವಾರ ಕೆಳಗಿಳಿಸಿ. ಇನ್ನೂ ತೆರೆಯುವಂತಿದ್ದರೆ ಪ್ರತಿ ಮಾಡಿಟ್ಟುಕೊಳ್ಳಿ, ಬರೆದವರ ಒಪ್ಪಿಗೆ ಪಡೆದು ಯುನಿಕೋಡಿಗೆ ತನ್ನಿ.